ರಾಧಾಮಣಿಯ ಕಾಲ್ಗುಣ

"ತಾಯಿ ಕಬ್ಬಾಳಮ್ಮ, ನನ್ ಉಸಿರಿರೋಗಂಟ ಈ ಸೊಸೆ ಕಾಲು ಹುಳದ ಮನೆ ಹೊಸ್ಲು ದಾಟಕೆ ಬುಡಾಕಿಲ್ಲ. ಉಳ್ದಿರೋ ಹುಳನಾದ್ರೂ ಉಳ್ಸು" ಎಂದು ಅರಿಸಿನದ ಬಟ್ಟೆಯಲ್ಲಿ ಐದು ರೂಪಾಯಿಯ ನಾಣ್ಯ ಕಟ್ಟಿ ಚಿಕ್ಕಲಕ್ಷ್ಮಮ್ಮ ಮಾತು ಕೊಟ್ಟದ್ದು ಹದಿನಾಲ್ಕು ವರ್ಷದ ಹಿಂದೆ, ಕಾರ್ತಿಕ ಮಾಸದ ಒಂದು ಮಂಗಳವಾರ. ಸೊಸೆ ರಾಧಾಮಣಿ ಮನೆ ತುಂಬಿ ಆಗ ಐದು ದಿನ. ಅಂಗೈಯ ಮದರಂಗಿ ಇನ್ನೂ ಕೆಂಪಗಿತ್ತು.

ವಿರೂಪಾಕ್ಷಿಪುರದಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ರೇಷ್ಮೆಹುಳ ಸಾಕದ ಕಟ್ಟಡವೆಂದರೆ ಶಾಲೆಯೊಂದೇ. ಚಿಕ್ಕಲಕ್ಷ್ಮಮ್ಮನ ಗಂಡ ಮರಿಯಪ್ಪನೂ ವರ್ಷಕ್ಕೆ ಐದಾರು ಬೆಳೆ ತೆಗೆಯುವವನು. ಆ ಸಲ ಹುಳ ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತಿಗೇ ಮಗ ಲೋಕೇಶನ ಮದುವೆ ಕೂಡಿಬಂತು. ಹುಳದ ಜ್ವರವೆಂದರೆ ಕಾಯಿಲೆಯಲ್ಲ. ಮೇವು ಬಿಟ್ಟು, ತಲೆ ಎತ್ತಿ ಕುಳಿತು, ಪೊರೆ ಕಳಚುವ ನಿದ್ದೆ. ಅಂಥ ನಾಲ್ಕು ನಿದ್ದೆ ಕಳೆದು ಒಂದು ವಾರ ಹೊಟ್ಟೆಬಾಕನಂತೆ ತಿಂದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಮದುವೆಗೆ ಬಂದ ನೆಂಟರಿಗೆ ಮಲಗಲು ಜಾಗವಿಲ್ಲದೆ ಮರಿಯಪ್ಪ ಹುಳದ ಮನೆಯ ನಡುವೆ ಒಂದು ತಾಡಪಾಲು ಕಟ್ಟಿ, ಆ ಕಡೆ ಹುಳ, ಈ ಕಡೆ ಕೋಡಿಹಳ್ಳಿಯ ಹದಿನೆಂಟು ಜನ ನೆಂಟರು ಎಂದು ವ್ಯವಸ್ಥೆ ಮಾಡಿದ. ಹೊರಗೆ ಜಡಿಮಳೆ. ನೆಂಟರು ಒದ್ದೆ ಬಟ್ಟೆಯನ್ನೆಲ್ಲ ಒಳಗೇ ಹರವಿದರು. ನಾಲ್ಕು ದಿನಕ್ಕೆ ಹುಳಗಳು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಸತ್ತುಬಿದ್ದವು. ಸುಣ್ಣಕಟ್ಟು ರೋಗ.

ಹದಿನೆಂಟು ಜನರ ಮೂವತ್ತಾರು ಕಾಲುಗಳ ಗುಣವನ್ನು ಯಾರೂ ವಿಚಾರಿಸಲಿಲ್ಲ. ಮೂವತ್ತೇಳನೆಯದೂ ಮೂವತ್ತೆಂಟನೆಯದೂ ಸಿಕ್ಕಿಬಿದ್ದವು.

ಮೊದಲ ವರ್ಷ ರಾಧಾಮಣಿ ಅತ್ತಳು. ಎರಡನೇ ವರ್ಷ ಹೇಮಶ್ರೀ ಹುಟ್ಟಿದಳು, ಅಳುವುದಕ್ಕೆ ಪುರಸೊತ್ತಾಗಲಿಲ್ಲ. ಮೂರನೇ ವರ್ಷ ಅವಳಿಗೆ ಒಂದು ಸಂಗತಿ ಹೊಳೆಯಿತು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ತುಂಬಿ ತುಂಬಿ ಅತ್ತೆ ಮಾವ ಗಂಡ ಮೂವರೂ ನಿಂತಲ್ಲೇ ತೂಕಡಿಸುತ್ತಿದ್ದರು. ಕಸ ತೆಗೆಯುವುದು, ಹಾಸಿಗೆ ಬದಲಿಸುವುದು, ಹಣ್ಣು ಹುಳ ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿಯಲ್ಲಿ ಗೋಡೆ ತೊಳೆಯುವುದು, ಇದ್ಯಾವುದೂ ಅವಳ ಪಾಲಿಗೆ ಬರುತ್ತಿರಲಿಲ್ಲ. ಕಾಲ್ಗುಣ ಕೆಟ್ಟವಳು ಅಡಿಗೆ ಮಾಡಿ, ಪಾತ್ರೆ ತೊಳೆದು, ಹಸುವಿಗೆ ಹುಲ್ಲು ಹಾಕಿ ಬೆಚ್ಚಗೆ ಮಲಗುತ್ತಿದ್ದಳು.

ಹೇಮಶ್ರೀ ಶಾಲೆಗೆ ಹೋಗಲು ಶುರುವಾದ ಮೇಲೆ ಅವಳು ಚನ್ನಪಟ್ಟಣದ ಬಸ್ಸು ಹತ್ತಿದಳು. ಅಲ್ಲಿ ಮುನ್ನೀ ಎಂಬಾಕೆ ಮರದ ಗೊಂಬೆ ಮಾಡಿಸುವ ಪುಟ್ಟ ಕಾರ್ಖಾನೆ ನಡೆಸುತ್ತಿದ್ದಳು. ಅರಗಿನ ಬಣ್ಣ ಹತ್ತಿ ಬಂದ ಗೊಂಬೆಗಳಿಗೆ ಕಣ್ಣು ಬರೆಯುವ ಕೆಲಸ ರಾಧಾಮಣಿಗೆ ಸಿಕ್ಕಿತು. ಎಂಟು ನಲವತ್ತರ ಬಸ್ಸಿಗೆ ಹೋಗಿ ಐದೂವರೆಯ ಬಸ್ಸಿಗೆ ಬರುವುದು. ಮಗಳ ಸ್ಕೂಲ್ ವ್ಯಾನು, ಗ್ಯಾಸಿನ ಸಿಲಿಂಡರು, ಅತ್ತೆಯ ಮೊಣಕಾಲಿಗೆ ಹಚ್ಚುವ ಎಣ್ಣೆ, ಮಾವನ ಎಲೆ ಅಡಿಕೆ ಎಲ್ಲವೂ ಆ ಕಣ್ಣುಗಳಿಂದಲೇ ಬರುತ್ತಿದ್ದವು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಗೂ ಹುಳದ ಮನೆಗೆ ಬಾರದವಳು, ಎಲ್ಲಿಗಾದರೂ ಹೋಗಲಿ ಎಂಬ ಭಾವ.

ಹೀಗೆ ಎಲ್ಲರಿಗೂ ಅನುಕೂಲವಾಗಿದ್ದ ಕೆಟ್ಟ ಕಾಲ್ಗುಣ ಈ ವರ್ಷದ ಆಷಾಢದಲ್ಲಿ ಹಾಳಾಯಿತು.

ಅವತ್ತು ಭಾನುವಾರ. ಕೋಡಿಹಳ್ಳಿಯಲ್ಲಿ ಚಿಕ್ಕಲಕ್ಷ್ಮಮ್ಮನ ಅಣ್ಣನ ತಿಥಿ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆಯೇ ಹೊರಟರು, ಎದುರು ಮನೆಯ ಚಲುವಯ್ಯನನ್ನೂ ಜೊತೆಗೆ ಕರೆದುಕೊಂಡರು. ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಲೋಕೇಶ ಬೈಕಿನಲ್ಲಿ ಸೊಪ್ಪಿನ ಹೊರೆ ತಂದ, ಇಳಿಸಲು ಬಗ್ಗಿದ, ಬಗ್ಗಿದವನು ಹಾಗೆಯೇ ನಿಂತ. ಸೊಂಟ ಹಿಡಿದುಕೊಂಡಿತ್ತು. ರಾಧಾಮಣಿ ಅವನನ್ನು ಏಣಿಯಂತೆ ಎತ್ತಿಕೊಂಡು ಬಂದು ಜಗುಲಿಯ ಚಾಪೆಗೆ ಒರಗಿಸಿದಳು.

"ಚಲುವಯ್ಯಣ್ಣನ ಕರಿಯೇ" ಎಂದ ಲೋಕೇಶ.

"ಅವರೂ ತಿಥಿಗೇ ಹೋಗವ್ರಲ್ಲ."

"ಹಂಗಾರೆ ಹುಳಕ್ಕೆ ಸೊಪ್ಪು?"

"ನೀವೇ ಎದ್ದು ಹಾಕಿ."

ಲೋಕೇಶ ಏಳಲು ಹೋಗಿ ಕರುವಿನಂತೆ ಒದರಿದ. ಆಮೇಲೆ ಛಾವಣಿ ನೋಡುತ್ತ ಯೋಚಿಸಿದ. "ಬೆಳಗ್ಗಿಂದ ಉಪಾಸ ಅವೆ. ಸಂಜೆಗಂಟ ಬುಟ್ರೆ ಗೂಡು ಕಟ್ಟಿದಂಗೇಯ. ಹೋಗು, ಅವ್ವಂಗೆ ಹೇಳಾಕಿಲ್ಲ. ಬಲಗಾಲಿಟ್ಟು ಹೋಗು."

ಯಾವ ಕಾಲಿಟ್ಟು ಹೋದಳೋ ಅವಳಿಗೇ ನೆನಪಿಲ್ಲ. ಸೊಪ್ಪಿನ ಕರೆ ಹತ್ತದಿರಲೆಂದು ನೈಟಿಯ ಮೇಲೆ ಗಂಡನ ಹಳೇ ನೀಲಿ ಅಂಗಿ ತೊಟ್ಟಳು. ಬರಿಗಾಲಲ್ಲಿ ಹೋದಳು. ಹದಿನಾಲ್ಕು ವರ್ಷ ಕಿಟಕಿಯಿಂದ ನೋಡಿದ್ದನ್ನೆಲ್ಲ ಕೈ ತಾನಾಗಿ ಮಾಡಿತು. ಕಡ್ಡಿ ಸಮೇತ ಸೊಪ್ಪನ್ನು ಹಾಸಿಗೆಯ ಉದ್ದಕ್ಕೂ ಹರವುತ್ತ ಹೋದ ಹಾಗೆ ಹುಳಗಳು ಮೇಲೆದ್ದು ತಿನ್ನತೊಡಗಿದವು. ಹೆಂಚಿನ ಮೇಲೆ ಮಳೆ ಬಿದ್ದಂತೆ ಸದ್ದು. ಅವಳು ಮುಗಿಸಿ ಹೊರಬರುವಷ್ಟರಲ್ಲಿ ಒಲೆಯ ಮೇಲಿನ ಹುರುಳಿಕಾಳಿನ ಸಾರು ತಳ ಹಿಡಿದು ಬೀದಿಗೆಲ್ಲ ವಾಸನೆ ಬಂದಿತ್ತು.

ಸಂಜೆ ಅತ್ತೆ ಬಸ್ಸಿಳಿದು ಕಾಲು ತೊಳೆಯುವ ಮೊದಲೇ ಹೇಮಶ್ರೀ, "ಅಜ್ಜಿ, ಅಮ್ಮ ಇವತ್ತು ಹುಳಕ್ಕೆ ಸೊಪ್ಪು ಹಾಕ್ತು" ಎಂದಳು. ಏಳನೇ ಕ್ಲಾಸು. ಸತ್ಯ ಹೇಳಬೇಕೆಂದು ಹಟ ಹಿಡಿಯುವ ವಯಸ್ಸು.

ಚಿಕ್ಕಲಕ್ಷ್ಮಮ್ಮ ಚೊಂಬು ಕೆಳಗಿಟ್ಟು ಹೊಸಿಲ ಮೇಲೆ ಕುಳಿತಳು. ಬೈಯಲಿಲ್ಲ. ಒಂಬತ್ತು ದಿನ ಸೊಸೆಯ ಜೊತೆ ಮಾತೇ ಬಿಟ್ಟಳು. ಸಾರಿಗೆ ಉಪ್ಪು ಬೇಕಾದರೆ ಹಸುವಿನ ಕಡೆ ತಿರುಗಿ, "ಈ ಮನೇಲಿ ಉಪ್ಪೂ ಇಲ್ದಂಗಾಯ್ತು" ಎನ್ನುತ್ತಿದ್ದಳು.

ಹತ್ತನೆಯ ದಿನ ಮರಿಯಪ್ಪನೂ ಲೋಕೇಶನೂ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದರು. ಆ ವಾರ ಮಳೆ ಹಿಡಿದು ಮಾರುಕಟ್ಟೆಗೆ ಗೂಡೇ ಬಂದಿರಲಿಲ್ಲ. ಇದ್ದ ನಾಲ್ಕು ಲಾಟು ಗೂಡಿಗೆ ನೂಲು ಬಿಚ್ಚುವವರು ಮುಗಿಬಿದ್ದರು. ಮರಿಯಪ್ಪ ಹನ್ನೆರಡಕ್ಕೆಲ್ಲ ಮನೆಗೆ ಬಂದ. ಒಂದು ಕೈಯಲ್ಲಿ ಮೈಸೂರ್‌ಪಾಕಿನ ಪೊಟ್ಟಣ, ಇನ್ನೊಂದರಲ್ಲಿ ಎರಡು ಮೊಳ ಕನಕಾಂಬರ. ಹೂವನ್ನು ಹೆಂಡತಿಯ ಕೈಗೆ ಕೊಡದೆ ಸೊಸೆಯ ಕೈಗೆ ಕೊಟ್ಟ. ನಲವತ್ತು ವರ್ಷದಲ್ಲಿ ಆ ಮನೆಯಲ್ಲಿ ನಡೆಯದಿದ್ದ ಸಂಗತಿ.

"ಇವತ್ತಿನ ಟಾಪ್ ರೇಟು ನಮ್ದೇ ಕಣಮ್ಮಿ" ಎಂದ.

ಚಿಕ್ಕಲಕ್ಷ್ಮಮ್ಮ ಬಾಯಿಗಿಟ್ಟ ಎಲೆಯನ್ನು ಕೆನ್ನೆಗೆ ಒತ್ತಿಕೊಂಡಳು. ಒಂಬತ್ತು ದಿನದ ಮೌನ ಮುರಿದು ಸೊಸೆಯನ್ನು ಕೇಳಿದಳು: "ನೀನು ಈ ಮನೆಗೆ ಬಂದು ಎಷ್ಟು ವರ್ಷಾಯ್ತೇ?"

"ಹದಿನಾಲ್ಕು."

"ನೋಡ್ದಾ ಮತ್ತೆ? ರಾಮದೇವ್ರ ವನವಾಸನೂ ಹದಿನಾಲ್ಕೇಯ. ತಾಯಿ ಲೆಕ್ಕ ಹಾಕಿ ಕಾಯ್ಸವ್ಳೆ. ಶನಿ ಕಳೀತು, ಕಾಲ್ಗುಣ ಹೋಯ್ತು, ಕೈಗುಣ ಬಂತು."

"ಅಜ್ಜಿ" ಎಂದಳು ಹೇಮಶ್ರೀ ಮೈಸೂರ್‌ಪಾಕು ತಿನ್ನುತ್ತ, "ಚಲುವಯ್ಯ ತಾತಂಗೂ ಇವತ್ತು ಇದೇ ರೇಟು ಸಿಕ್ತಂತೆ. ಅವರ ಹುಳಕ್ಕೆ ಅಮ್ಮ ಸೊಪ್ಪು ಹಾಕಿರ್ನಿಲ್ವಲ್ಲ."

"ಅವರ ಮನೆ ನಮ್ ಮನೆ ಎದುರ್ಗೇ ಐತಲ್ಲ" ಎಂದ ಮರಿಯಪ್ಪ. "ಗಾಳಿ ಬೀಸಾಕಿಲ್ವಾ?"

ರಾಧಾಮಣಿ ಹೂವು ಹಿಡಿದುಕೊಂಡೇ ನಿಂತಿದ್ದಳು. ಏನೋ ಕೈತಪ್ಪಿ ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. "ಅತ್ತೆ, ನೀವು ಕಬ್ಬಾಳಮ್ಮಂಗೆ ಮಾತು ಕೊಟ್ಟಿದ್ರಲ್ಲ."

"ಕೊಟ್ಟೋಳು ನಾನು, ಕೇಳ್ಸಿಕೊಂಡೋಳು ಅವಳು. ಮಧ್ಯದಲ್ಲಿ ನೀನ್ಯಾರೇ? ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿಕ್ತೀನಿ ಬುಡು. ಮುಂದ್ಲ ಭಾನುವಾರ ಮರಿಹುಳ ಬತ್ತವೆ. ನೀನು ಹೊಸ್ಲು ದಾಟಿ ಊರಾಚೆ ಹೋಗಂಗಿಲ್ಲ."

ಮುಂದಿನ ಭಾನುವಾರದ ಮಾರನೆಯ ದಿನ ಸೋಮವಾರ. ಆ ಸೋಮವಾರದಿಂದ ಕಣ್ಣು ಬರೆಯುವ ಮೇಜಿನ ಉಸ್ತುವಾರಿಯನ್ನು ರಾಧಾಮಣಿಗೆ ಕೊಡುವುದೆಂದು ಮುನ್ನೀ ಹೇಳಿ ಆಗಿತ್ತು. ಆರು ಹುಡುಗಿಯರು ಅವಳ ಕೈಕೆಳಗೆ. ದಸರೆಗೆ ಸಾವಿರಾರು ಗೊಂಬೆಯ ಆರ್ಡರು. ಸಂಬಳವೂ ಹೆಚ್ಚು. ಅದಕ್ಕಿಂತ ಹೆಚ್ಚಾಗಿ, ಆ ಮೇಜಿನ ಕೊನೆಗೆ ಬೆನ್ನು ಒರಗುವ ಕುರ್ಚಿಯೊಂದಿತ್ತು. ಆರು ವರ್ಷದಿಂದ ಅವಳು ಅದನ್ನು ನೋಡಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು.

ಫೋನಿನಲ್ಲಿ ವಿಷಯ ಕೇಳಿ ಮುನ್ನೀ, "ರಾಧಾ, ಗೊಂಬೆಗಳೆಲ್ಲ ಕಣ್ಣಿಲ್ದೆ ಕೂತವೆ ನೋಡಮ್ಮ" ಎಂದಳು. "ಆ ಹೊಸ ಹುಡುಗಿ ಸಾನಾ ಬರೆದ್ರೆ ಒಂದು ಕಣ್ಣು ನನ್ನ ನೋಡ್ತದೆ, ಇನ್ನೊಂದು ಬಸ್‌ಸ್ಟ್ಯಾಂಡ್ ನೋಡ್ತದೆ. ಹದಿನೈದು ದಿನ ಕಾಯ್ತೀನಿ. ಆಮೇಲೆ ಮೇಜು ಬೇರೆಯೋರಿಗೆ ಕೊಡ್ಬೇಕಾಗ್ತದೆ. ಬೇಜಾರು ಮಾಡ್ಕೋಬೇಡ."

ಭಾನುವಾರ ಹುಳ ಬಂತು. ಎರಡು ಜ್ವರ ಎದ್ದ ಮರಿಹುಳ. ಅದಕ್ಕೂ ಮೊದಲು ಮರಿಯಪ್ಪ ಜಗುಲಿಯಲ್ಲಿ ಕುಳಿತು ಪೊಲೀಸರು ಮಹಜರು ಮಾಡುವ ಹಾಗೆ ಸೊಸೆಯನ್ನು ವಿಚಾರಿಸಿದ.

"ಅವತ್ತು ಏನು ಹಾಕ್ಕೊಂಡಿದ್ದೆ?"

"ನೈಟಿ ಮ್ಯಾಲೆ ಇವ್ರ ನೀಲಿ ಅಂಗಿ."

"ಅದನ್ನ ಒಗೀಬ್ಯಾಡ. ಕಾಲ್ಗೆ?"

"ಏನೂ ಇರ್ನಿಲ್ಲ."

"ಒಲೆ ಮ್ಯಾಲೆ?"

"ಹುರುಳಿಕಾಳ್ ಸಾರು. ಸೀದೋಗಿತ್ತು, ಮಾವ."

ಮರಿಯಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ತಲೆಯಾಡಿಸಿದಳು. "ಹಂಗಾರೆ ಸೀಯಿಸ್ಬೇಕು" ಎಂದ.

"ತಾತ, ಸೀದ ಸಾರಿಗೂ ಹುಳಕ್ಕೂ ಏನು ಸಂಬಂಧ?" ಎಂದಳು ಹೇಮಶ್ರೀ.

"ಯಾವ್ದು ಕೆಲಸ ಮಾಡ್ತೋ ಯಾರಿಗ್ ಗೊತ್ತು? ಒಂದು ಬುಟ್ಟು ಒಂದು ಮಾಡಿ, ಬುಟ್ಟಿದ್ದೇ ಮುಖ್ಯವಾದ್ದು ಆಗಿದ್ರೆ? ಎಲ್ಲಾನೂ ಮಾಡೋದು ವಾಸಿ."

ಎಲ್ಲವನ್ನೂ ಮಾಡಿದರು. ಅವತ್ತು ಲೋಕೇಶ ಸೊಂಟ ಹಿಡಿದುಕೊಂಡು ಚಾಪೆಯ ಮೇಲಿದ್ದನಷ್ಟೆ? ಆದ್ದರಿಂದ ದಿನಾ ಮಧ್ಯಾಹ್ನ ಎರಡು ಗಂಟೆಗೆ, ಸೊಪ್ಪು ಹಾಕುವ ಹೊತ್ತಿಗೆ, ಅವನು ಜಗುಲಿಯಲ್ಲಿ ಮಲಗಿ ನರಳಬೇಕೆಂದಾಯಿತು. ಲೋಕೇಶ ಇದಕ್ಕೆ ಯಾವ ತಕರಾರನ್ನೂ ಎತ್ತಲಿಲ್ಲ. ಮೂರನೆಯ ದಿನದ ಹೊತ್ತಿಗೆ ನರಳುವುದು ಮುಗಿದು ಗೊರಕೆ ಶುರುವಾಗುತ್ತಿತ್ತು. ಅತ್ತೆ ಮಾವ ಅವತ್ತು ಮನೆಯಲ್ಲಿರಲಿಲ್ಲ. ಪ್ರತಿದಿನವೂ ತಿಥಿ ಸಿಗುವುದಿಲ್ಲವಾದ್ದರಿಂದ ಅವರಿಬ್ಬರೂ ಒಂದೂವರೆಗೆಲ್ಲ ಎದುರು ಮನೆಯ ಚಲುವಯ್ಯನ ಜಗುಲಿಗೆ ಹೋಗಿ ಕುಳಿತು ಎಲೆ ಹಾಕಿಕೊಂಡು ನಾಲ್ಕಕ್ಕೆ ಬರುತ್ತಿದ್ದರು.

ಚಲುವಯ್ಯ, "ಇದೇನ್ಲಾ ಮರಿಯಪ್ಪ, ಮನೆ ಬುಟ್ಟು ಬಂದ್ಬುಟ್ಟಿದ್ದೀಯ, ಮಗ ಓಡ್ಸುಬುಟ್ನಾ?" ಎಂದು ಕೇಳಿದರೆ, ಮರಿಯಪ್ಪ, "ಊರ್ನಾಗಿಲ್ಲ ಕಣ್ಲಾ ನಾನು. ಮಾತಾಡಿಸ್ಬ್ಯಾಡ" ಎನ್ನುತ್ತಿದ್ದ.

ಒಟ್ಟಿನಲ್ಲಿ ಮೂರು ಜನ ಮಾಡುತ್ತಿದ್ದ ಕೆಲಸ ಒಬ್ಬಳ ತಲೆಗೆ ಬಂತು. ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಊಟವಾದ ಮೇಲೆ ಒಂದು ಸಲ ಸೊಪ್ಪು. ನಡುವೆ ಕಸ. ನಡುವೆ ಹಸು. ನಡುವೆ ಸಾರನ್ನು ಎಚ್ಚರಿಕೆಯಿಂದ ಸೀಯಿಸುವ ಕೆಲಸ. ಸೀಯಿಸುವುದು ಸುಲಭವೆಂದುಕೊಂಡಿದ್ದಳು ಅವಳು, ಅದೂ ಸುಲಭವಾಗಿರಲಿಲ್ಲ. ಒಂದು ದಿನ ಕಡಿಮೆ ಸೀದಿದೆಯೆಂದು ಮಾವ ಮುದ್ದೆ ಮುರಿಯದೆ ಕೈ ತೊಳೆದುಕೊಂಡ.

ರಾಧಾಮಣಿ ತನ್ನ ಹಳೆಯ ಹೆಸರನ್ನು ವಾಪಸ್ಸು ಪಡೆಯಲು ನೋಡಿದಳು. ಮರಿಯಪ್ಪ ಸೊಸೈಟಿಗೆ ಹೊರಟಾಗ ಬಾಗಿಲಲ್ಲಿ ನಿಂತು ಒಂಟಿ ಸೀನು ಸೀನಿದಳು. ಮರಿಯಪ್ಪ ನಿಂತು, ಚೊಂಬು ನೀರು ಕುಡಿದು, ಐದು ನಿಮಿಷ ತಡವಾಗಿ ಹೋದ. ಐದು ನಿಮಿಷ ಮೊದಲು ಹೋದವರು ಸಾಲಿನಲ್ಲಿ ನಿಂತು ಸುಸ್ತಾಗಿದ್ದರಂತೆ. ಇವನು ಹೋಗುತ್ತಿದ್ದಂತೆ ಇನ್ನೊಂದು ಕಿಟಕಿ ತೆರೆದರಂತೆ. "ನಮ್ ರಾಧಾಮಣಿ ಸೀನಿದ್ಕೆ ಗೊಬ್ಬರ ಬಿರ್ನೆ ಸಿಕ್ತು" ಎಂದು ಬಂದ. ಹಾಲು ಕಾಯಿಸುವಾಗ ಬೇಕೆಂದೇ ಉಕ್ಕಿಸಿದಳು. ಉಕ್ಕಿದರೆ ಸಮೃದ್ಧಿ ಎಂದಳು ಅತ್ತೆ. ಶುಕ್ರವಾರ ಕನ್ನಡಿ ಒಡೆದಳು. ಕೆಟ್ಟದ್ದೆಲ್ಲ ಕನ್ನಡಿಯ ಮೇಲೆ ಹೋಯಿತು ಎಂದರು. ಒಂದು ಸಲ ಒಳ್ಳೆಯವಳೆಂದು ತೀರ್ಮಾನವಾದವಳು ಏನು ಮಾಡಿದರೂ ಒಳ್ಳೆಯದೇ. ಹದಿನಾಲ್ಕು ವರ್ಷದ ಹಿಂದೆ ಇದೇ ಹಾಲು ಉಕ್ಕಿದ್ದಕ್ಕೆ ಇದೇ ಅತ್ತೆ, "ಒಲೆ ಆರ್ಸೋ ಕಾಲ್ಗುಣ" ಎಂದಿದ್ದಳು.

ಅಮ್ಮನ ಪರವಾಗಿ ಹೇಮಶ್ರೀಯೂ ಒಂದು ಕೈ ನೋಡಿದಳು. ಗೋಡೆಯ ಕ್ಯಾಲೆಂಡರಿನಲ್ಲಿ, ಮನೆಯಲ್ಲಿ ಹಲ್ಲಿ ಲೊಚಗುಟ್ಟಿ ಅಜ್ಜಿ "ಹೂಂ, ಸತ್ಯ" ಎಂದಾಗಲೆಲ್ಲ ಒಂದು ಗೆರೆ ಎಳೆದಳು. ಅಜ್ಜಿ ಹೇಳಿದ ಮಾತು ನಿಜವಾದರೆ ಗೆರೆಗೆ ಒಂದು ಸುತ್ತು. ಹತ್ತು ದಿನದ ಮೇಲೆ ಅದನ್ನು ತಾತನ ಮುಂದೆ ಹಿಡಿದಳು.

"ನೋಡು ತಾತ, ಮೂವತ್ತೊಂದು ಸಲ ಹಲ್ಲಿ ನುಡಿದೈತೆ. ನಿಜ ಆಗಿರೋದು ಎರಡು ಸಲ."

ಮರಿಯಪ್ಪ ಕನ್ನಡಕ ಹಾಕಿಕೊಂಡು ಆ ಎರಡು ಸುತ್ತುಗಳನ್ನು ಬಹಳ ಹೊತ್ತು ನೋಡಿದ. "ಯಾವ್ಯಾವ್ದು?"

"ಒಂದು ಕರೆಂಟ್ ಹೋಯ್ತದೆ ಅಂದಿದ್ದು. ಇನ್ನೊಂದು ಕೂಲಿ ಕೆಲಸ ಕೇಳ್ಕೊಂಡು ದೊಡ್ಡಹನುಮಯ್ಯ ಬತ್ತಾನೆ ಅಂದಿದ್ದು."

"ಎರಡೂ ನಿಜ ಆಯ್ತಾ?"

"ಆಯ್ತು. ಆದ್ರೆ ಇಪ್ಪತ್ತೊಂಬತ್ತು..."

"ಕೇಳ್ಸಿಕೊಂಡ್ಯೇನೇ?" ಎಂದು ಮರಿಯಪ್ಪ ಅಡಿಗೆಮನೆಯ ಕಡೆ ಕೂಗಿದ. "ಮಗ ಬರ್ದಿಟ್ಟವ್ಳೆ. ಎರಡು ಸಲ ನಿಜ ಆಗೈತಂತೆ. ಇಸ್ಕೂಲ್ನೋರೂ ಒಪ್ಪವ್ರೆ."

ಹನ್ನೆರಡನೆಯ ದಿನ ಮಧ್ಯಾಹ್ನ, ಹುಳ ನಾಲ್ಕನೇ ಜ್ವರ ಎದ್ದು ದಬದಬ ತಿನ್ನುತ್ತಿದ್ದವು. ರಾಧಾಮಣಿ ಸೊಪ್ಪು ಹರವಿ ಮುಗಿಸಿ ಗೂಡೆಯ ಮೇಲೆ ಕುಳಿತಳು. ಸೊಂಟ ಅವಳದೂ ಹಿಡಿದುಕೊಂಡಿತ್ತು, ಅದರ ಬಗ್ಗೆ ಮಹಜರು ಆಗಿರಲಿಲ್ಲ. ಮುನ್ನೀ ಹೇಳಿದ ಗಡುವಿಗೆ ಮೂರು ದಿನವಿತ್ತು. ಅಡಿಗೆಮನೆಯ ಗೂಡಿನಲ್ಲಿ ಒಂದು ಪೊಟ್ಟಣ ಸೊಳ್ಳೆಬತ್ತಿ ಇರುವುದು ಅವಳಿಗೆ ನೆನಪಾಯಿತು. ಒಂದೇ ಒಂದು ಸುರುಳಿ ಈ ಬಾಗಿಲಲ್ಲಿ ಹಚ್ಚಿಟ್ಟರೆ ಸಾಕು, ಸಂಜೆಯೊಳಗೆ ಹುಳ ಬಾಯಿಂದ ಹಸಿರು ಕಾರಿಕೊಂಡು ಸಾಯುತ್ತವೆ. ಅದರ ಜೊತೆಗೇ ಅವಳ ಕೈಗುಣವೂ ಸಾಯುತ್ತದೆ. ಸೋಮವಾರ ಬಸ್ಸು.

ಅವಳು ಎದ್ದು ಹೋಗಿ ಪೊಟ್ಟಣ ತೆಗೆದುಕೊಂಡಳು. ಬೆಂಕಿಪೊಟ್ಟಣವನ್ನೂ ತೆಗೆದುಕೊಂಡಳು. ವಾಪಸ್ಸು ಬಂದು ಬಾಗಿಲಲ್ಲಿ ನಿಂತಳು. ಒಳಗಿನಿಂದ ಆ ಮಳೆಯ ಸದ್ದು. ಆ ಪಾಪದ ಹುಳಗಳು ಯಾರ ಕಾಲ್ಗುಣವನ್ನೂ ಕೇಳಿದವಲ್ಲ, ಸೊಪ್ಪು ಕೇಳಿದ್ದವು ಅಷ್ಟೆ. ಹನ್ನೆರಡು ದಿನ ಅವಳ ಕೈಯಿಂದಲೇ ತಿಂದಿದ್ದವು. ಅವಳು ಸೊಳ್ಳೆಬತ್ತಿಯನ್ನು ತಿಪ್ಪೆಗೆ ಎಸೆದು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡಳು.

ತಿರುಗಿ ನೋಡಿದರೆ ಅತ್ತೆ. ಚಲುವಯ್ಯನ ಜಗುಲಿಯಲ್ಲಿರಬೇಕಾದವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಏನದು ಎಸೆದಿದ್ದು?"

"ಸೊಳ್ಳೆಬತ್ತಿ."

ಚಿಕ್ಕಲಕ್ಷ್ಮಮ್ಮ ತಿಪ್ಪೆ ನೋಡಿದಳು, ಹುಳದ ಮನೆ ನೋಡಿದಳು, ಸೊಸೆಯ ಒದ್ದೆ ಕೈ ನೋಡಿದಳು. ಬೈಯುತ್ತಾಳೆಂದು ರಾಧಾಮ‌ಣಿ ಕಾದಳು. ಆಕೆ ಒರಳುಕಲ್ಲಿನ ಮೇಲೆ ಮೆಲ್ಲಗೆ ಕುಳಿತು ಮೊಣಕಾಲು ಒತ್ತಿಕೊಂಡಳು.

"ಎಣ್ಣೆ ಸೀಸೆ ಖಾಲಿಯಾಗಿ ಎಂಟು ದಿನಾಯ್ತು" ಎಂದಳು.

"ತರೋಳು ನಾನಲ್ವಾ? ನನ್ನ ಕಟ್ಟಾಕಿದ್ದೀರಲ್ಲ."

"ವ್ಯಾನಿನೋನು ದುಡ್ಡು ಕೇಳ್ದ. ನಿಮ್ಮಾವ ಮುಂದ್ಲ ವಾರ ಅಂದ್ರು. ಈ ಸೀದ ಸಾರು ಉಂಡೂ ಉಂಡೂ ಎದೆಯೆಲ್ಲ ಉರೀತೈತೆ. ಇನ್ನೊಂದು ಬೆಳೆ ಹಿಂಗೇ ಉಂಡ್ರೆ ದಿಟವಾದ ತಿಥಿನೇ ಮಾಡ್ಬೇಕಾಯ್ತದೆ."

"ಹಂಗಾರೆ ಬುಟ್ಬುಡಿ ನನ್ನ."

"ಬುಟ್ರೆ ಸೊಪ್ಪು ಯಾರು ಹಾಕೋರು?"

ರಾಧಾಮಣಿಗೆ ರೇಗಿತು. "ಅಂಗನ್ನಿ ಮತ್ತೆ. ನಿಮ್ಗೆ ಬೇಕಾಗಿರೋದು ನನ್ ಕೈಗುಣ ಅಲ್ಲ ಅತ್ತೆ, ನನ್ ಕೈ."

ಚಿಕ್ಕಲಕ್ಷ್ಮಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿ ಒಂದು ಎಲೆ ತೆಗೆದಳು. ಅಲ್ಲಗಳೆಯಲಿಲ್ಲ. "ಹೂಂ ಕಣೆ. ಕೈಯೇ ಬೇಕು. ನಲವತ್ತೆರಡು ವರ್ಷ ಹಾಕಿವ್ನಿ ಸೊಪ್ಪು. ಮೊಣಕಾಲು ಮಡುಚಿದ್ರೆ ಬಿಚ್ಚಾಕಿಲ್ಲ, ಬಿಚ್ಚಿದ್ರೆ ಮಡುಚಾಕಿಲ್ಲ. ನೀನು ಜಡೆ ಹಾಕ್ಕೊಂಡು ಬಸ್ಸಿಗೆ ಹೋಗ್ತಿದ್ರೆ ನಾನು ಕಿಟಕೀಲಿ ನೋಡ್ತಿರ್ನಿಲ್ವಾ? ಈ ಹನ್ನೆರಡು ದಿನ ಚಲುವಯ್ಯನ ಜಗುಲೀಲಿ ಕಾಲು ನೀಡ್ಕೊಂಡು ಕುಂತಿದ್ನಲ್ಲ, ಅಂಗೆ ನಾನು ಈ ಮನೆಗೆ ಬಂದಾಗಿನಿಂದ ಕುಂತಿರ್ನಿಲ್ಲ."

"ಕೂಲಿ ಆಳು ಇಡ್ಸಿ ಅಂತ ಮಾವಂಗೆ ಹೇಳ್ಬೋದಿತ್ತು."

"ಕೂಲಿ ಅಂದ್ರೆ ನಿಮ್ಮಾವಂಗೆ ಐದನೇ ಜ್ವರ ಬತ್ತದೆ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಾಕಿಲ್ಲ. ತಾಯಿ ಹೇಳವ್ಳೆ ಅಂದ್ರೆ ಮಾತ್ರ ಎದ್ದು ಕುಂತ್ಕತಾರೆ."

ಜಗುಲಿಯಿಂದ ಲೋಕೇಶನ ಗೊರಕೆ ಕೇಳುತ್ತಿತ್ತು.

"ದೊಡ್ಡಹನುಮಯ್ಯ ಕೆಲಸ ಕೇಳ್ಕೊಂಡು ಬಂದಿದ್ದ" ಎಂದಳು ರಾಧಾಮಣಿ. "ಇಪ್ಪತ್ತು ವರ್ಷ ಹುಳ ಸಾಕವ್ನೆ. ಬೆಳೆ ಏಳೋಗಂಟ ಅವನ ಕೂಲಿ ನನ್ ಸಂಬಳದಾಗೆ ಕೊಡ್ತೀನಿ. ಮೇಜು ಸಿಕ್ರೆ ಕೊಟ್ಟೂ ಉಳೀತದೆ."

ಚಿಕ್ಕಲಕ್ಷ್ಮಮ್ಮ ಸುಣ್ಣ ಸವರಿದ ಎಲೆಯನ್ನು ಮಡಿಚಿ ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಆಮೇಲೆ ಸೊಸೆಯ ಮುಖ ನೋಡದೆ ಕೇಳಿದಳು: "ಅವತ್ತು ನಿನ್ ತಾವ ಬೇರೇನೂ ಇರ್ನಿಲ್ವಾ?"

"ಎಲ್ಲಾ ಹೇಳಿವ್ನಲ್ಲ ಅತ್ತೆ. ಅಂಗಿ, ಬರಿಗಾಲು..."

"ಅಂಗಿ ಅಂದ್ರೆ ಜೇಬಿರ್ತದೆ. ಜೇಬಲ್ಲಿ ಏನೂ ಇರ್ನಿಲ್ವಾ? ಒಸಿ ಜ್ಞಾಪಿಸ್ಕೊ."

ರಾಧಾಮಣಿ ನೋಡಿದಳು. ಅತ್ತೆ ಹಸುವನ್ನು ನೋಡುತ್ತಿದ್ದಳು.

"ಗೊಂಬೆ ಒಂದಿತ್ತು ಅನ್ಸುತ್ತೆ. ಕೆಂಪು ಗಿಣಿ."

"ಅನ್ಸೋದು ಬ್ಯಾಡ. ಇತ್ತಾ?"

"ಇತ್ತು."

ಮಾರನೆಯ ಬೆಳಗ್ಗೆ ಮರಿಯಪ್ಪ ಮುದ್ದೆಗೆ ಕೈ ಹಾಕುವ ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ಕಂಬಕ್ಕೆ ಒರಗಿ, ತಾಯಿ ಕಬ್ಬಾಳಮ್ಮ ಕನಸಿಗೆ ಬಂದಿದ್ದಳೆಂದು ಹೇಳಿದಳು. ಮರಿಯಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಏನಂದ್ಲು?"

"ವನವಾಸ ಮುಗಿದ್ಮ್ಯಾಲೂ ಸೀತಮ್ಮನ್ನ ಕಾಡ್ನಾಗೇ ಇಟ್ಕೊಂಡಿದ್ದೀರಲ್ಲ, ಮಾನವಿಲ್ವಾ ನಿಮ್ಗೆ ಅಂದ್ಲು. ಗುಣ ಇದ್ದದ್ದು ಇವಳ ಕೈಲಲ್ವಂತೆ. ಅವತ್ತು ಅಂಗಿ ಜೇಬಲ್ಲಿದ್ದ ಕೆಂಪು ಗಿಣೀಲಂತೆ. ಅದನ್ನ ಹುಳದ ಮನೇಲಿ ತೂಗಾಕಬೇಕಂತೆ."

"ಗಿಣಿನಾ?" ಮರಿಯಪ್ಪ ಸೊಸೆಯ ಕಡೆ ತಿರುಗಿದ. "ಇತ್ತಾ?"

"ಇತ್ತು ಮಾವ" ಎಂದಳು ರಾಧಾಮಣಿ, ಸಾರು ಬಡಿಸುತ್ತ.

"ಮಹಜರ್ನಾಗೆ ಹೇಳ್ನಿಲ್ವಲ್ಲ ನೀನು."

"ನೀವು ಜೇಬು ಕೇಳ್ನಿಲ್ವಲ್ಲ."

ಹೇಮಶ್ರೀ ಅಮ್ಮನನ್ನೂ ಅಜ್ಜಿಯನ್ನೂ ಒಮ್ಮೆ ನೋಡಿ ಬಾಯಿ ತೆರೆದಳು. ಚಿಕ್ಕಲಕ್ಷ್ಮಮ್ಮ ಅವಳ ಬಾಯಿಗೆ ಬೆಲ್ಲದ ತುಂಡು ಇಟ್ಟಳು.

"ಕಣ್ಣು ಎರಡೂ ಒಂದೇ ಸಮ ಇರೋ ಗಿಣಿನೇ ಬೇಕಂತೆ" ಎಂದು ಅಜ್ಜಿ ಮುಂದುವರಿಸಿದಳು. "ಅಂಥ ಕಣ್ಣು ಬರೀತಿರಾಕೆ ಇವಳು ದಿನಾ ಮೇಜಿಗೆ ಹೋಗ್ಲೇಬೇಕಂತೆ. ಮತ್ತೆ, ಸೀತಮ್ಮನ್ನ ಬುಡಿಸಿದ್ದು ಹನುಮಪ್ಪ. ಆ ಹೆಸರಿನೋನ ಕೈಲೇ ಸೊಪ್ಪು ಹಾಕ್ಸು ಅಂದ್ಲು."

"ದೊಡ್ಡಹನುಮಯ್ಯ" ಎಂದ ಮರಿಯಪ್ಪ ಉಸಿರು ಬಿಗಿಹಿಡಿದು. ಒಂದು ಗಳಿಗೆಯ ಮೇಲೆ ಅವನ ಮುಖ ಸಣ್ಣಗಾಯಿತು. "ಕೂಲಿ ವಿಚಾರ ಏನೂ ಹೇಳ್ನಿಲ್ವಾ ತಾಯಿ?"

"ಹೇಳಿದ್ಲು. ದಿನಕ್ಕೆ ಐನೂರು."

ಮರಿಯಪ್ಪ ಕಣ್ಣು ಮುಚ್ಚಿದ.

"ಅದನ್ನ ಸೊಸೆ ಕೊಡ್ಲಿ ಅಂದ್ಲು."

ಮರಿಯಪ್ಪ ಕಣ್ಣು ತೆರೆದು ತಟ್ಟೆ ಬದಿಗೆ ಸರಿಸಿ, ಎರಡೂ ಕೈ ಎತ್ತಿ ಕಬ್ಬಾಳದ ದಿಕ್ಕಿಗೆ ಮುಗಿದ. "ತಾಯಿ ದೊಡ್ಡೋಳು" ಎಂದ. ಮತ್ತೆ ಸ್ವಲ್ಪ ಯೋಚಿಸಿ, "ಸಾರಿನ ವಿಚಾರ?" ಎಂದು ಕೇಳಿದ.

"ಸೀಯಿಸ್ಬ್ಯಾಡಿ ಅಂದ್ಲು. ಮೊದ್ಲು ಅದನ್ನೇ ಅಂದ್ಲು."

ಲೋಕೇಶನೊಬ್ಬನೇ ಸಪ್ಪಗಾದ. "ನಾನು ಮಲಿಕ್ಕೊಳೋ ವಿಚಾರ ಏನೂ ಅನ್ನಿಲ್ವಾ ಅವ್ವ?" ಎಂದು ಎರಡು ಸಲ ಕೇಳಿದ. ತಾಯಿ ಆ ವಿಚಾರ ಎತ್ತಿರಲಿಲ್ಲವಂತೆ. ಅವನನ್ನು ಸೊಪ್ಪು ಕೊಯ್ಯಲು ತೋಟಕ್ಕೆ ಅಟ್ಟಿದರು.

ಸೋಮವಾರ ದೊಡ್ಡಹನುಮಯ್ಯ ಬಂದ. ಬಂದವನೇ ಹುಳದ ಮನೆಯನ್ನು ಸುತ್ತು ಹಾಕಿ, ಕಿಟಕಿಗೆ ಒತ್ತಿದ್ದ ಹಳೇ ಗೋಣಿ ಕಿತ್ತು ಗಾಳಿಗೆ ಬಿಟ್ಟು, ಕಾಲಿಟ್ಟು ಒಳಬರಲೆಂದು ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ, ರಾಧಾಮಣಿಯ ಹಳೇ ಚೀಲವೊಂದರಲ್ಲಿ ಸಿಕ್ಕಿ ಕಿಟಕಿಯ ಬಳಿಯ ತೊಲೆಯಿಂದ ಇಳಿಬಿದ್ದ ಕೆಂಪು ಗಿಣಿಯ ಮೇಲಿತ್ತು.

ಆ ಬೆಳೆಗೆ ಸಾಧಾರಣ ರೇಟು ಸಿಕ್ಕಿತು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಗಿಣಿಯ ಮುಖ ಪಶ್ಚಿಮಕ್ಕಿತ್ತು ಎಂದು ಮರಿಯಪ್ಪ ಅದನ್ನು ಪೂರ್ವಕ್ಕೆ ತಿರುಗಿಸಿದ. ಚಲುವಯ್ಯ ತನಗೂ ಒಂದು ಗಿಣಿ ಬೇಕೆಂದ. ಅವನ ತಮ್ಮನಿಗೂ ಬೇಕಾಯಿತು. ದಸರೆಯ ಹೊತ್ತಿಗೆ ಆ ಕಡೆಯ ಹಳ್ಳಿಗಳಿಂದ ಮುನ್ನೀಗೆ ಅರವತ್ತು ಗಿಣಿಯ ಆರ್ಡರು ಬಂದಿತ್ತು. "ಯಾಕಮ್ಮ ನಿಮ್ಮ ಊರಲ್ಲಿ ಎಲ್ಲರೂ ಗಿಣಿ ಕೇಳ್ತಾರೆ? ಕುದುರೆ ಯಾರೂ ಕೇಳಲ್ಲ" ಎಂದು ಮುನ್ನೀ ಕೇಳಿದರೆ ರಾಧಾಮಣಿ ಬೆನ್ನು ಒರಗುವ ಕುರ್ಚಿಯಲ್ಲಿ ಒರಗಿ, "ಮಕ್ಕಳಿಗೆ ಇಷ್ಟ ಅಕ್ಕ" ಎಂದಳು. ಒಂದು ದಿನ ಪರೀಕ್ಷೆಗೆ ಹೊರಟ ಹೇಮಶ್ರೀ ಹುಳದ ಮನೆಯ ಕಿಟಕಿಯಿಂದ ಕೈ ಹಾಕಿ ಗಿಣಿಯ ಬಾಲ ಮುಟ್ಟಿ ಹೋದದ್ದನ್ನು ಅವಳು ನೋಡಿದಳು. ಏನೋ ಹೇಳಬೇಕೆನ್ನಿಸಿತು. ಬಸ್ಸು ಬಂತು.

ಆ ಸೋಮವಾರದಿಂದ ಈಚೆಗೆ ರಾಧಾಮಣಿ ಹುಳದ ಮನೆಯ ಹೊಸಿಲು ದಾಟಿಲ್ಲ. ಚಿಕ್ಕಲಕ್ಷ್ಮಮ್ಮ ಕಬ್ಬಾಳಮ್ಮನಿಗೆ ಕೊಟ್ಟ ಮಾತು, ನಡುವೆ ಹದಿನೈದು ದಿನ ಮುರಿದದ್ದು ಬಿಟ್ಟರೆ, ಉಳಿದಿದೆ.